ಒಂದೇ ಹೆಸರಿನ ಎರಡು ದಿನ

ಚಾಮರಾಜಪೇಟೆಯಲ್ಲಿ ಒಂದು ಹೂವಿನಂಗಡಿಯ ಮೇಲೆ ವಿಶ್ವಾರಾಧ್ಯರ ಆಫೀಸು. ಕಲ್ಯಾಣ ಮಂಟಪಗಳ ಬುಕಿಂಗ್‌ಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುವುದು ಅವರ ಕಸುಬು. ಮತ್ತಿಕೆರೆಯ ಆಂಜಿನಯ್ಯನವರ ಮಗಳು ಮೋನಿಷಾ ಡಿಪ್ಲೊಮಾ ಮುಗಿಸಿದವಳೇ ಅಲ್ಲಿ ಸೇರಿದ್ದಳು, ವರ್ಷಗಳಾದರೂ ಬಿಟ್ಟಿರಲಿಲ್ಲ. ದೊಡ್ಡ ಕಂಪನಿಗಳು ಕರೆದರೂ ಹೋಗಲಿಲ್ಲ. ಯಾಕಮ್ಮ ಎಂದರೆ, ಸರ್ ಕೆಲಸ ಕಲಿಸಿದ್ದಾರೆ ಅನ್ನುತ್ತಿದ್ದಳು. ಇಷ್ಟು ಸಲೀಸಾಗಿ ನಂಬುವವರು ಈ ಕಾಲದಲ್ಲೂ ಇರುತ್ತಾರಾ ಎಂದು ಕೇಳಬೇಡಿ. ಇದ್ದಳು.

ಕಲಿಸಿದ್ದು ಸುಳ್ಳಲ್ಲ. ಅವಳಿಗೆ ಡಿಬಗರ್ ಹಿಡಿಯಲು ಹೇಳಿಕೊಟ್ಟವರು ಅವರೇ. ಓಡುವ ಪ್ರೋಗ್ರಾಮನ್ನು ಒಂದೊಂದು ಸಾಲಿಗೂ ನಿಲ್ಲಿಸಿ, ಆ ಕ್ಷಣ ಯಾವ ವೇರಿಯಬಲ್‌ನಲ್ಲಿ, ಅಂದರೆ ಹೆಸರು ಬರೆದಿಟ್ಟ ಯಾವ ಡಬ್ಬಿಯಲ್ಲಿ, ಏನಿದೆ ಎಂದು ತೋರಿಸುವ ಸಾಧನ ಅದು. ಮೊದಮೊದಲು ಅವಳು ‘ಒಟ್ಟು’ ಎಂಬ ವೇರಿಯಬಲ್ಲಿನ ಬೆನ್ನು ಹತ್ತಿದ್ದಳು. ಒಂದು ಫಂಕ್ಷನ್ನಿನ, ಅಂದರೆ ಪ್ರೋಗ್ರಾಮಿನಲ್ಲಿ ಒಂದೇ ಕೆಲಸಕ್ಕೆಂದು ಬೇರೆ ಬರೆದಿಟ್ಟ ತುಣುಕಿನ, ಒಳಗೆ ಕಾಲಿಟ್ಟ ಕೂಡಲೇ ಅದರಲ್ಲಿ ಬೇರೇನೋ ಕಾಣಿಸಿತು, ಹೊರಗೆ ಬಂದರೆ ಮತ್ತೆ ಹಳೆಯದೇ. ಕಂಗಾಲಾಗಿ ಕೂತಿದ್ದವಳ ಹಿಂದೆ ನಿಂತು ವಿಶ್ವಾರಾಧ್ಯರು ನಕ್ಕಿದ್ದರು.

“ಹೆಸರು ನಂಬ್ಬೇಡಮ್ಮ. ನೀನು ಯಾವ ಮನೇಲಿ ನಿಂತ್ಕೊಂಡು ಕೇಳ್ತಿದೀಯ, ಅದನ್ನ ನೋಡು.”

ಒಂದೊಂದು ಫಂಕ್ಷನ್ನೂ ಒಂದೊಂದು ಮನೆ, ಹೆಸರು ಒಂದೇ ಆದರೂ ಈ ಮನೆಯದು ಬೇರೆ ಆ ಮನೆಯದು ಬೇರೆ, ಹೊರಗೆ ಬಂದರೆ ಒಳಗಿನದು ಒಳಗೇ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಅವಳಿಗೆ ತಟ್ಟನೆ ತಿಳಿಯಿತು. ಅವಳ ಮನೆಯಲ್ಲಿ ಅಜ್ಜಿ ಹನುಮಕ್ಕ “ಮಗಾ” ಎಂದರೆ ಅಪ್ಪ ಓಗೊಡುತ್ತಿದ್ದರು, ಅಪ್ಪ “ಮಗಾ” ಎಂದರೆ ಇವಳು.

ಬಂದವರ ಮುಂದೆಲ್ಲ ವಿಶ್ವಾರಾಧ್ಯರು ಅವಳನ್ನು “ನಮ್ಮ ಮೋನಿಷಾ” ಎಂದೇ ಪರಿಚಯಿಸುತ್ತಿದ್ದರು. ಹಾಗೆ ಅಂದಾಗಲೆಲ್ಲ ಅವಳು ಹಿಗ್ಗಿ ಹೀರೇಕಾಯಿ.

ಏಕಾಂತಯ್ಯನವರ ಕಲ್ಯಾಣ ಮಂಟಪದ ಕೆಲಸ ಬಂದಾಗ ಪ್ರೋಗ್ರಾಮನ್ನು ಹೆಚ್ಚುಕಡಿಮೆ ಪೂರ್ತಿ ಬರೆದವಳು ಅವಳೇ. ಬೀಗದ ಕೈ ಯಾವಾಗ ಕೊಡಬೇಕು ಎನ್ನುವ ಭಾಗವನ್ನು ಮಾತ್ರ ವಿಶ್ವಾರಾಧ್ಯರು ತಾವೇ ಇಟ್ಟುಕೊಂಡರು. “ನಮ್ಮ ಕಡೆ ಮದ್ವೆ ಪದ್ಧತಿ ನಿಂಗೆ ಗೊತ್ತಾಗಲ್ಲ ಬಿಡು” ಅಂದರು. ಮತ್ತಿಕೆರೆಯಲ್ಲೇನು ಮದುವೆ ಆಗುವುದಿಲ್ಲವೇ? ಆ ‘ನಮ್ಮ’ದೊಳಗೆ ತಾನಿಲ್ಲ ಎಂಬುದು ಅವಳಿಗೆ ಅವತ್ತೇ ಕಾಣಬೇಕಿತ್ತು. ಕಾಣಲಿಲ್ಲ.

ಒಂದು ಶನಿವಾರ ಸಂಜೆ ಆ ಮಂಟಪದ ಬಾಗಿಲಿಗೆ ಎರಡು ಮದುವೆಯವರು ಬಂದು ನಿಂತರು. ಒಬ್ಬರದು ಭಾನುವಾರ ಬೆಳಗಿನ ಮುಹೂರ್ತ, ರೂಢಿಯಂತೆ ಹಿಂದಿನ ಸಂಜೆಯೇ ಆರತಕ್ಷತೆ. ಇನ್ನೊಬ್ಬರದು ಶನಿವಾರ ಸಂಜೆಯ ಆರತಕ್ಷತೆ ಅಷ್ಟೇ. ಇಬ್ಬರ ಕೈಯಲ್ಲೂ ಬುಕಿಂಗ್ ರಸೀದಿ. ಒಳಗೆ ಮುಹೂರ್ತದವರ ಅಡುಗೆ ಆಗಲೇ ಶುರುವಾಗಿತ್ತು. ಎರಡನೆಯವರು ಅಲಂಕಾರ ಮಾಡಿದ ಹುಡುಗಿಯನ್ನು ಕಾರಿನಲ್ಲೇ ಕೂರಿಸಿಕೊಂಡು, ಗಾಂಧಿನಗರದ ಒಂದು ಹೋಟೆಲಿನ ಹಾಲ್‌ಗೆ ಓಡಬೇಕಾಯಿತು.

ಸೋಮವಾರ ಬೆಳಿಗ್ಗೆ ಮೋನಿಷಾ ಡಿಬಗರ್ ಹಾಕಿ ಕೂತಳು. ‘ದಿನ’ ಎಂಬ ವೇರಿಯಬಲ್ಲನ್ನು ಹಿಡಿದು ಸಾಲಿನಿಂದ ಸಾಲಿಗೆ ನಡೆದಳು. ಹೊರಗೆ ದಿನ ಎಂದರೆ ಮುಹೂರ್ತದ ಭಾನುವಾರ. ಬೀಗದ ಕೈಯ ಫಂಕ್ಷನ್ನಿನೊಳಗೆ ಕಾಲಿಟ್ಟರೆ ದಿನ ಎಂದರೆ ಹಿಂದಿನ ಶನಿವಾರ. ವಿಶ್ವಾರಾಧ್ಯರು ಅಲ್ಲಿ ಅದೇ ಹೆಸರಿನಲ್ಲಿ ಇನ್ನೊಂದು ವೇರಿಯಬಲ್ ಹುಟ್ಟಿಸಿದ್ದರು. ಆ ಮನೆಯಿಂದ ಹೊರಬಂದ ಕೂಡಲೇ ಶನಿವಾರ ಅಲ್ಲೇ ಅಳಿಸಿಹೋಗುತ್ತಿತ್ತು. ಹಾಗಾಗಿ ಆ ಸಂಜೆ ಯಾರಿಗೂ ಕೊಡದೆ ಖಾಲಿ ಇದೆ ಎಂದೇ ಪ್ರೋಗ್ರಾಮ್ ತೋರಿಸಿತ್ತು.

ವಿಶ್ವಾರಾಧ್ಯರನ್ನು ಕರೆದು ತೋರಿಸಿದಳು. ಅವರ ಮುಖ ಸಪ್ಪಗಾಯಿತು. ತಾವು ಕಲಿಸಿದ ಮೊದಲ ಪಾಠದಲ್ಲೇ ತಾವು ಎಡವಿದ್ದರು. ಆದರೂ ಮಾತು ದೊಡ್ಡದಾಗಿಯೇ ಆಡಿದರು.

“ನಮ್ಮ ತಪ್ಪು. ಏಕಾಂತಯ್ಯನವ್ರ ಹತ್ರ ನಾನೇ ಮಾತಾಡ್ತೀನಿ. ನೀನು ಸುಮ್ನೆ ಜೊತೇಲಿ ಬಾ.”

ಎಂಥ ಮನುಷ್ಯ ಎಂದುಕೊಂಡು ಮೋನಿಷಾ ಹೊರಟಳು.

ಮಂಟಪದಲ್ಲಿ ಏಕಾಂತಯ್ಯನವರ ಪಕ್ಕ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ವಾಪಸು ಹೋದ ಹುಡುಗಿಯ ಅಜ್ಜಿ, ದಾಕ್ಷಾಯಣಮ್ಮ. ಯಾರ ಎಡವಟ್ಟು ಇದು ಎಂದು ಏಕಾಂತಯ್ಯ ಕೇಳಿದರು. ಮೋನಿಷಾ ನಿರಾಳವಾಗಿ ವಿಶ್ವಾರಾಧ್ಯರ ಕಡೆ ನೋಡಿದಳು.

ಅವರು ಕೈ ಮುಗಿದು, ಇವಳ ಕಡೆ ಗದ್ದದಿಂದ ತೋರಿಸಿದರು. “ಆ ಹುಡುಗಿ ಬರ್ದಿದ್ದು. ನಮ್ಮ ಪದ್ಧತಿ ಅವಳಿಗೇನು ಗೊತ್ತು ಹೇಳಿ, ಸ್ವಾಮಿ.”

ಏಕಾಂತಯ್ಯ ಅರ್ಥವಾಯಿತೆಂಬಂತೆ ತಲೆಯಾಡಿಸಿದರು. ದಾಕ್ಷಾಯಣಮ್ಮ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

“ನಿಂಗೂ ಒಂದಿನ ಆರತಕ್ಷತೆ ಆಗತ್ತಲ್ಲಮ್ಮ,” ಅಂದರು. “ಅವತ್ತು ನಮ್ಮ ಮಗೂನ ನೆನಸ್ಕೋ.”

ಮೋನಿಷಾ ನಿಜ ಹೇಳಬಹುದಿತ್ತು. ಹೇಳದೆ ಮತ್ತೆ ವಿಶ್ವಾರಾಧ್ಯರ ಕಡೆ ತಿರುಗಿದಳು. ಬಾಗಿಲಲ್ಲಿ ಆಳುಗಳು ಬಾಳೆಕಂದು ಬಿಚ್ಚುವುದನ್ನು ಅವರು ಬಹಳ ಆಸ್ಥೆಯಿಂದ ನೋಡುತ್ತಿದ್ದರು. ನಂಬಿದವರ ಕುತ್ತಿಗೆ ಕೊಯ್ಯುವವರಿಗೆ ಆ ಹೊತ್ತಿನಲ್ಲಿ ನೋಡಲು ಏನಾದರೊಂದು ಸಿಕ್ಕೇ ಸಿಗುತ್ತದೆ.

ಹೊರಗೆ ಬಂದ ಮೇಲೆ ಅವರು ಕಾರಿನ ಬಾಗಿಲು ತೆಗೆದು ನಿಂತರು. ದನಿ ಮೆತ್ತಗಾಗಿತ್ತು. “ತಪ್ಪು ತಿಳ್ಕೋಬೇಡ. ಅವ್ರ ಮುಂದೆ ಹಾಗನ್ಬೇಕಾಯ್ತು. ನೀನು ನಮ್ಮ ಮೋನಿಷಾ ಅಲ್ವಾ?”

“ಇದನ್ನ ಯಾವ ಮನೇಲಿ ನಿಂತ್ಕೊಂಡು ಹೇಳ್ತಿದೀರ, ಸರ್?”

ಅವಳು ಕಾರು ಹತ್ತದೆ ಬಸ್ ಸ್ಟಾಪಿನ ಕಡೆ ನಡೆದಳು. ಮಾರನೆಯ ದಿನ ಆ ಸಾಲನ್ನು ಸರಿಮಾಡಿಟ್ಟು ಕೆಲಸ ಬಿಟ್ಟಳು.

ಈಗ ಅವಳು ಮಲ್ಲೇಶ್ವರದ ಒಂದು ಆಫೀಸಿನಲ್ಲಿದ್ದಾಳೆ. ಹೊಸಬರು ಡಿಬಗರ್ ಮುಂದೆ ಕಂಗಾಲಾಗಿ ಕೂತರೆ ಹಿಂದೆ ನಿಂತು ಹೇಳುತ್ತಾಳೆ, ಹೆಸರು ನಂಬಬೇಡಿ, ಯಾವ ಮನೆಯಲ್ಲಿ ನಿಂತಿದ್ದೀರಿ ನೋಡಿ ಎಂದು. ಎಷ್ಟು ಚೆನ್ನಾಗಿ ಹೇಳ್ತೀರ ಮೇಡಂ, ನಿಮಗೆ ಯಾರು ಕಲಿಸಿದ್ದು ಎಂದು ಅವರು ಕೇಳುವುದುಂಟು.

“ಹಳೇ ಆಫೀಸಲ್ಲಿ ಯಾರೋ ಒಬ್ರು,” ಅನ್ನುತ್ತಾಳೆ ಮೋನಿಷಾ.