ಎಫ್ರೆನ್ ಗಂಟೆ

ಎಫ್ರೆನ್ ವಿಯಾಸೆನ್ಯೋರನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಸೋಫಾ ಸೆವೆನ್ ಬ್ಯಾಂಡಿನ ಕಥೆ ಕೇಳಲು ಬರುವವರೆಲ್ಲ ಹಾಡು ಬರೆದು ಹಾಡಿದ ನನ್ನ ಮನೆ ಬಾಗಿಲನ್ನೇ ತಟ್ಟುತ್ತಾರೆ. ಟ್ರಾಂಬೋನ್ ಊದಿದವನನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಅವನು ಒಂದೇ ಮಾತು ಹೇಳುತ್ತಿದ್ದ: ತಪ್ಪು ನನ್ನದು, ನಾನು ತಡವಾಗಿ ಹೋದೆ. ಅದು ಸುಳ್ಳು. ಆ ಸುಳ್ಳನ್ನು ಅವನ ಬಾಯಿಗೆ ತುರುಕಿದವನು ನಾನು, ಡೇರಿಲ್.

ಅವನ ಅಪ್ಪ ದೋನ್ ಎಲಿಸೆಯೊ ಸಿನಲೋವಾ ಕಡೆಯವರು. ಸಾಂಟಾ ಆನಾದಲ್ಲಿ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸಿ ಕೊಡುವ ಅಂಗಡಿ ಇಟ್ಟಿದ್ದರು. ವಾರವೆಲ್ಲ ಸೋಫಾ, ಶನಿವಾರ ಭಾನುವಾರ ವಾದ್ಯ. ಮದುವೆಯಿರಲಿ, ಮಗುವಿನ ಜ್ಞಾನಸ್ನಾನವಿರಲಿ, ಅವರ ಹನ್ನೆರಡು ಜನರ ಮೇಳ ಯಾರದೋ ಹಿತ್ತಲಲ್ಲಿ ನಿಂತು ಊದುತ್ತಿತ್ತು. ಅವರದು ಟ್ಯೂಬಾ ಎಂಬ ದಪ್ಪ ದನಿಯ ದೊಡ್ಡ ಕಹಳೆ, ಮಗನದು ಟ್ರಾಂಬೋನ್. ಒಂಬತ್ತನೇ ವಯಸ್ಸಿಗೆ ಕೊಟ್ಟಾಗ ಅದರ ಜಾರುವ ಕೊಳವೆಯನ್ನು ತುದಿಯವರೆಗೆ ನೂಕಲು ಎಫ್ರೆನ್‌ಗೆ ತೋಳು ಸಾಲುತ್ತಿರಲಿಲ್ಲವಂತೆ. ಕಾಲಿನಿಂದ ನೂಕುತ್ತಿದ್ದ ಎಂದು ಅವನ ಅಮ್ಮ ಹೇಳಿ ಹೇಳಿ ನಗುತ್ತಿದ್ದರು.

ನಾನು, ಎಫ್ರೆನ್, ಬಾಸ್ ಗಿಟಾರಿನ ತ್ವಾನ್ ಮೂವರೂ ಒಂದೇ ಹೈಸ್ಕೂಲು. ೧೯೯೩ರಲ್ಲಿ ಇನ್ನೂ ನಾಲ್ವರನ್ನು ಸೇರಿಸಿಕೊಂಡು ಸ್ಕಾ ಬ್ಯಾಂಡ್ ಕಟ್ಟಿದೆವು. ಆಗ ನಮ್ಮ ಕಡೆ ಗ್ಯಾರೇಜಿಗೊಂದು ಸ್ಕಾ ಬ್ಯಾಂಡ್ ಇತ್ತು. ತಾಳದ ಪೆಟ್ಟು ಬೀಳುವ ಕಡೆ ಗಿಟಾರ್ ಬಾಯಿ ಮುಚ್ಚಿಕೊಂಡಿರಬೇಕು, ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಚಕ್ ಎನ್ನಬೇಕು. ಅದರ ಮೇಲೆ ಟ್ರಂಪೆಟ್, ಸ್ಯಾಕ್ಸೊಫೋನ್, ಟ್ರಾಂಬೋನ್ ಮೂರೂ ಸೇರಿ ಬೊಬ್ಬೆ ಹಾಕಬೇಕು, ಕೇಳುವವರು ಕುಣಿಯದೆ ನಿಲ್ಲಲಾಗಬಾರದು. ಅಭ್ಯಾಸಕ್ಕೆ ಅಂಗಡಿ ಬಿಟ್ಟುಕೊಟ್ಟವರು ದೋನ್ ಎಲಿಸೆಯೊ. ಹೊಟ್ಟೆ ಬಗೆದಿಟ್ಟ ಸೋಫಾಗಳ ಮೇಲೆ ಕೂತು ಏಳು ಜನ ಬಾರಿಸುತ್ತಿದ್ದೆವು, ಹೆಸರು ಅಲ್ಲೇ ಹುಟ್ಟಿತು. ಎಫ್ರೆನ್‌ನ ಅಮ್ಮ ಬೀನ್ಸು, ತೊರ್ತಿಯಾ ರೊಟ್ಟಿ ತಂದಿಟ್ಟು, "ಮೊದ್ಲು ತಿನ್ನಿ, ಆಮೇಲೆ ಕಿರುಚಿ" ಎನ್ನುತ್ತಿದ್ದರು. ಐದು ವರ್ಷ ಆ ಮನೆಯ ಊಟ ಉಂಡಿದ್ದೇನೆ.

ಎಫ್ರೆನ್ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಅಪ್ಪನ ಮೇಳ ಮುಗಿಸಿ ಓಡೋಡಿ ಬರುವಷ್ಟರಲ್ಲಿ ನಾವೆಲ್ಲ ವ್ಯಾನಿನಲ್ಲಿ ಬೆವೆತು ಮುದ್ದೆಯಾಗಿರುತ್ತಿದ್ದೆವು.

"ಈಗ ಬೆಳಗಾಯ್ತೇನಯ್ಯಾ ನಿಂಗೆ?" ಎಂದು ತ್ವಾನ್ ಕೇಳುತ್ತಿದ್ದ. ವ್ಯಾನ್ ಅವನದು.

"ಮದುವೆ ಮನೆಯೋರು ಬಿಡ್ಬೇಕಲ್ಲ ಮಾರಾಯ."

"ನಿಮ್ಮಪ್ಪನ ಮೇಳದ ಮುಂದೆ ಮದ್ವೆಯಾದೋರಿಗೆ ಎರಡು ಮಕ್ಕಳಾದ್ರೂ ಹಾಡು ಮುಗಿಯಲ್ವಲ್ಲೋ."

ಬೈದು ಸಾಕಾಗಿ ಒಂದು ಉಪಾಯ ಹೂಡಿದೆವು. ನಾಲ್ಕಕ್ಕೆ ಹೊರಡುವುದಿದ್ದರೆ ಅವನೊಬ್ಬನಿಗೆ ಮೂರು ಎಂದು ಹೇಳುವುದು. ಅದಕ್ಕೆ ನಾವಿಟ್ಟ ಹೆಸರು ಎಫ್ರೆನ್ ಗಂಟೆ. ಹೇಳುವ ಕೆಲಸ ನನ್ನದು. ಅವನು ಒಂದು ಗಂಟೆ ತಡವಾಗಿ ಬಂದು, "ಕ್ಷಮಿಸ್ರೋ, ಕ್ಷಮಿಸ್ರೋ" ಎನ್ನುತ್ತ ವ್ಯಾನ್ ಹತ್ತುವಾಗ ನಾವು ಆಗತಾನೇ ಸಾಮಾನು ತುಂಬಿ ಮುಗಿಸಿರುತ್ತಿದ್ದೆವು. ಒಳಗೊಳಗೇ ನಗು. ಐದು ವರ್ಷ ಅವನಿಗೆ ಗೊತ್ತೇ ಆಗಲಿಲ್ಲ. ಅದು ಪ್ರೀತಿಯ ಸುಳ್ಳು, ಅವನನ್ನು ಬಿಟ್ಟು ಹೋಗಬಾರದೆಂದೇ ಹೇಳುತ್ತಿದ್ದ ಸುಳ್ಳು.

೧೯೯೭ರಲ್ಲಿ ನಮ್ಮದೊಂದು ಹಾಡು ರೇಡಿಯೋ ಹತ್ತಿತು. ನಾನು ಬರೆದದ್ದು ನಿಜ, ಆದರೆ ಜನ ಗುರುತು ಹಿಡಿಯುತ್ತಿದ್ದುದು ನನ್ನ ಸಾಹಿತ್ಯವನ್ನಲ್ಲ. ಶುರುವಿನಲ್ಲಿ ಎಫ್ರೆನ್ ಒಬ್ಬನೇ ಊದುವ ಒಂದು ತುಣುಕಿದೆ; ಅಪ್ಪನ ಮೇಳದ ಗತ್ತನ್ನು ತಂದು ನಮ್ಮ ಹಾಡಿನ ತಲೆಗೆ ಕಟ್ಟಿದ್ದ. ಅದನ್ನು ಕೇಳಿದ ತಕ್ಷಣ ಸಾವಿರ ಜನ ಒಟ್ಟಿಗೆ ಮೊಣಕಾಲೆತ್ತಿ ಕುಣಿಯುತ್ತಿದ್ದರು. ಒಂದು ವರ್ಷ ನಾವೂ ದೊಡ್ಡ ಮನುಷ್ಯರಾದೆವು.

ಮರುವರ್ಷವೇ ಗಾಳಿ ತಿರುಗಿತು. ಟ್ರಂಪೆಟಿನವನೂ ಸ್ಯಾಕ್ಸೊಫೋನಿನವಳೂ ವ್ಯಾನಿನ ಬದುಕು ಸಾಕೆಂದು ತಾವಾಗಿಯೇ ಬಿಟ್ಟರು. ಊದುವವನು ಎಫ್ರೆನ್ ಒಬ್ಬನೇ ಉಳಿದ. ರೆಕಾರ್ಡ್ ಕಂಪನಿಯವನು ನನ್ನನ್ನು ಊಟಕ್ಕೆ ಕರೆದು ನೇರವಾಗಿ ಹೇಳಿದ: "ಪೀಪಿ ಊದೋ ಕಾಲ ಹೋಯ್ತು ಡೇರಿಲ್. ಗಿಟಾರ್ ಜೋರು ಮಾಡಿ. ಉಳಿದಿರೋ ಅವನೊಬ್ಬನನ್ನ ಬಿಟ್ಟು ಬನ್ನಿ, ಮುಂದಿನ ಆಲ್ಬಂ ಮಾಡೋಣ."

ನಾನೇ ಹೇಳುತ್ತೇನೆ ಎಂದೆ. ಮೂರು ಸಲ ಅಂಗಡಿಗೆ ಹೋದೆ. ಮೂರು ಸಲವೂ ಅವನ ಅಮ್ಮ ಬಡಿಸಿದ್ದನ್ನು ತಿಂದು, ಕೈ ತೊಳೆದು, ಏನೂ ಹೇಳದೆ ಬಂದೆ. ಹೇಡಿ ಎಂಬ ಪದಕ್ಕೆ ನನ್ನ ಫೋಟೋ ಸಾಕು. ಊರೂರು ಸುತ್ತಿ ಬಾರಿಸುವ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, ಶುಕ್ರವಾರ, ಅವನೇ ಫೋನ್ ಮಾಡಿದ.

"ನಾಳೆ ಎಷ್ಟೊತ್ತಿಗೋ?"

"ಹನ್ನೆರಡಕ್ಕೆ" ಎಂದೆ.

ನಾವು ಹೊರಡುವುದಿದ್ದದ್ದೂ ಹನ್ನೆರಡಕ್ಕೇ. ಐದು ವರ್ಷದಲ್ಲಿ ಮೊದಲ ಸಲ ಅವನಿಗೆ ನಿಜವಾದ ಗಂಟೆ ಹೇಳಿದ್ದೆ.

ಶನಿವಾರ ಹನ್ನೆರಡು ಹೊಡೆಯಿತು. ತ್ವಾನ್ ಕೀಲಿ ತಿರುಗಿಸದೆ ನನ್ನ ಮುಖ ನೋಡಿದ. "ಅವನಿಗೆ ಎಷ್ಟು ಅಂತ ಹೇಳಿದ್ದೆ?"

"ಹನ್ನೆರಡು."

ಅವನು ಕನ್ನಡಿಯಲ್ಲಿ ಒಂದು ಸಲ ಹಿಂದಿನ ರಸ್ತೆ ನೋಡಿದ. ಆಮೇಲೆ ಗಾಡಿ ಎತ್ತಿದ. ನಾವು ಅಷ್ಟು ಸರಿಯಾದ ಹೊತ್ತಿಗೆ ಎಂದೂ ಹೊರಟವರಲ್ಲ.

ವ್ಯಾನ್ ತಪ್ಪಿಸಿಕೊಂಡವನು ಪ್ರವಾಸವನ್ನೂ ತಪ್ಪಿಸಿಕೊಂಡಂತೆ ಎಂದು ನಮ್ಮಲ್ಲೊಂದು ನಿಯಮವಿತ್ತು, ತಮಾಷೆಗೆ ಮಾಡಿಕೊಂಡದ್ದು. ಫೀನಿಕ್ಸ್ ಮುಟ್ಟಿ ಫೋನ್ ಮಾಡಿದಾಗ ಎಫ್ರೆನ್, "ನಾಳೆ ಬಸ್ ಹಿಡಿದು ಬಂದುಬಿಡ್ತೀನಿ" ಎಂದ. "ನಿಯಮ ಅಂದ್ರೆ ನಿಯಮ" ಎಂದೆ. ಅವನು, "ಸರಿ. ತಪ್ಪು ನಂದೇ" ಎಂದ. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ನನ್ನ ಮನಸ್ಸು ಹಗುರಾಯಿತು. ಹಾಗೆ ಹಗುರಾದದ್ದು ನೆನಪಾದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಆ ಪ್ರವಾಸದ ತುಂಬ ಒಂದೇ ಗೋಳು. ಹಾಡು ಶುರುವಾಗಬೇಕಾದ ಕಡೆ ಊದುವವನಿಲ್ಲ. ಜನರೇ ಬಾಯಲ್ಲಿ ಪ್ಯಾಂ ಪ್ಯಾಂ ಎಂದು ಎಫ್ರೆನ್‌ನ ತುಣುಕನ್ನು ಹಾಡಿ ಮುಗಿಸಿ ನಮ್ಮ ಕಡೆ ನೋಡುತ್ತಿದ್ದರು. ಎಲ್ ಪಾಸೋದಲ್ಲಿ ಒಬ್ಬ, "ಸೆವೆನ್ ಅಂತೀರಿ, ನಾಲ್ಕೇ ಜನ ಇದೀರಲ್ಲ, ಎಣಿಸಕ್ಕೆ ಬರಲ್ವಾ?" ಎಂದು ಕೂಗಿದ. ಪೀಪಿಯಿಲ್ಲದ ಆಲ್ಬಂ ಬಂತು, ಕೊಂಡವರು ನಮ್ಮ ನೆಂಟರು. ೨೦೦೧ರಲ್ಲಿ ಬ್ಯಾಂಡ್ ಮುಚ್ಚಿತು.

ಎಫ್ರೆನ್ ಬಸ್ ಡ್ರೈವರಾದ. ಸಾಂಟಾ ಆನಾದಿಂದ ಸಮುದ್ರದ ಕಡೆ ಹೋಗುವ ರೂಟು. ಎರಡು ಕೈಗೂ ವಾಚು ಕಟ್ಟುತ್ತಾನೆ. ಒಂದು ನಿಮಿಷ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅವನ ಬಸ್ಸು ನೋಡಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಾರೆ. ತುಟಿ ಸೋಲಬಾರದೆಂದು ದಿನಾ ಅರ್ಧ ಗಂಟೆ ಟ್ರಾಂಬೋನ್ ಊದುತ್ತಾನೆ, ಯಾರಿಗೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಿದ್ದ, ಮತ್ತು ಪ್ರತಿ ಸಲವೂ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು: "ನಿಮ್ಮನ್ನೆಲ್ಲ ಮುಳುಗಿಸಿಬಿಟ್ಟೆ ಕಣೋ. ಆವತ್ತು ನಾನು ಬಂದಿದ್ರೆ ಹಿಂಗಾಗ್ತಿರ್ಲಿಲ್ಲ." ನಾನು, "ಬಿಡೋ, ಹಳೇ ಮಾತು" ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಹಾಗೇ ಅಂದೆ.

೨೦೧೯ರಲ್ಲಿ ಯಾರಿಗೋ ನಮ್ಮ ನೆನಪಾಗಿ, ಏಳೂ ಜನ ಸೇರಿ ಒಂದು ಸಲ ಬಾರಿಸಿ ಎಂದರು. ಅಭ್ಯಾಸ ಅದೇ ಅಂಗಡಿಯಲ್ಲಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಾನು ಒಂಬತ್ತಕ್ಕೇ ಹೋದೆ. ಎಫ್ರೆನ್ ಆಗಲೇ ಕುರ್ಚಿ ಹಾಕಿ, ನೆಲ ಗುಡಿಸಿ ಕಾಯುತ್ತಿದ್ದ.

"ಎಷ್ಟೊತ್ತಿಗೆ ಬಂದ್ಯೋ?"

"ಏಳಕ್ಕೆ. ಈ ಸಲ ನನ್ನ ಬಿಟ್ಟು ಹೋಗಕ್ಕೆ ಬಿಡಲ್ಲ ನಿಮ್ಮನ್ನ" ಎಂದು ನಕ್ಕ.

ಆ ನಗುವಿನ ಮುಂದೆ ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಟ್ರಾಂಬೋನನ್ನು ಕುರ್ಚಿಯ ಮೇಲೆ ಮಲಗಿಸಿದ.

"ಯಾವಾಗ್ಲೂ ಒಂದು ಗಂಟೆ ಮುಂಚೆ ಹೇಳ್ತಿದ್ರಾ?"

"ಯಾವಾಗ್ಲೂ."

"ಆವತ್ತು ಮಾತ್ರ ಇಲ್ಲ."

"ಇಲ್ಲ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಬಾಗಿಲ ಕಡೆ ನೋಡುತ್ತ ಹೇಳಿದ: "ನಂದಿರ್ಲಿ. ಆವತ್ತು ಜ್ಞಾನಸ್ನಾನದ ಮನೇಲಿ ಊದ್ತಿದ್ವಿ. ಹನ್ನೆರಡೂ ಕಾಲಿಗೆ ಎದ್ದೆ. ಮಗೂನ ಅಜ್ಜಿ ಒಂದು ಹಾಡು ಕೇಳ್ತಿದಾರೆ, ಅದನ್ನ ಮುಗಿಸಿ ಹೋಗು ಅಂತ ಅಪ್ಪ ಕೈ ಹಿಡ್ಕೊಂಡ್ರು. ಮುಗಿಸಿ ಬಂದೆ, ವ್ಯಾನ್ ಇರ್ಲಿಲ್ಲ. ಮುಂದಿನ ವಾರ ಅಪ್ಪ ಟ್ಯೂಬಾನ ಯಾರಿಗೋ ಕೊಟ್ಟುಬಿಟ್ರು. ಮತ್ತೆ ಮುಟ್ಟಿಲ್ಲ. ಒಂದು ಹಾಡಿಗೋಸ್ಕರ ಮಗನ ಬಾಳು ಹಾಳು ಮಾಡ್ದೆ ಅಂತ ಅಪ್ಪ, ಅಮ್ಮ ಸಾಯೋವರೆಗೂ ಅವಳ ಹತ್ರ ಅಳ್ತಿದ್ರು." ಅವನು ಎದ್ದ. "ಹಿತ್ತಲಲ್ಲಿ ಕೂತಿದಾರೆ. ನಡಿ, ಅವರಿಗೆ ಹೇಳು."

ದೋನ್ ಎಲಿಸೆಯೊಗೆ ಆಗ ಎಂಬತ್ತನಾಲ್ಕು. ನಿಂಬೆ ಗಿಡದ ಕೆಳಗೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಐವತ್ತು ವರ್ಷ ತಮಟೆಯ ಪಕ್ಕ ನಿಂತು ಕಿವಿ ಹೋಗಿತ್ತು.

ಹೇಳಿದೆ. "ಏನಪ್ಪಾ?" ಎಂದರು. ಗಟ್ಟಿಯಾಗಿ ಹೇಳಿದೆ. ಕಿವಿಗೆ ಕೈ ಒಡ್ಡಿದರು. ಕೊನೆಗೆ ಕೂಗಿದೆ: "ತಪ್ಪು ನಂದು ದೋನ್ ಎಲಿಸೆಯೊ. ಬೇಕಂತಲೇ ಬಿಟ್ಟು ಹೋದೆ. ನೀವು ಎಫ್ರೆನ್ ಕೈ ಹಿಡಿಯೋ ಹೊತ್ತಿಗೆ ವ್ಯಾನ್ ಹೊರಟಾಗಿತ್ತು. ಹಾಡು ಬಿಟ್ಟು ಬಂದಿದ್ರೂ ಅವನಿಗೆ ಸಿಕ್ತಿರ್ಲಿಲ್ಲ." ಬೇಲಿಯಾಚೆ ಗಿಡಕ್ಕೆ ನೀರು ಬಿಡುತ್ತಿದ್ದ ಹೆಂಗಸು ನಲ್ಲಿ ನಿಲ್ಲಿಸಿ ನನ್ನನ್ನೇ ನೋಡಿದಳು.

ಮುದುಕರ ಕೈ ಮೆಣಸಿನಕಾಯಿಯ ಮೇಲೆ ನಿಂತಿತು. ಮಗನ ಕಡೆ ನೋಡಿದರು. ಅವನು ತಲೆಯಾಡಿಸಿದ.

"ಇನ್ನೊಂದ್ಸಲ ಹೇಳು" ಎಂದರು.

ನಾನು ಇನ್ನೂ ಜೋರಾಗಿ ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ಕಿರುಚ್ಬೇಡ. ಆಗ್ಲೇ ಕೇಳಿಸ್ತು. ಸುಮ್ನೆ ಇನ್ನೊಂದ್ಸಲ ಹೇಳು."