ಚುಕ್ಕಿ, ನಕ್ಷತ್ರ ಮತ್ತು ನನ್ನ ವಾರಗಿತ್ತಿ

ಮನೆಗೆ ಲಗ್ನಪತ್ರಿಕೆ ಬಂದಾಗ ನೀವೆಲ್ಲ ಮುಹೂರ್ತವನ್ನೋ ಊಟದ ಹೊತ್ತನ್ನೋ ನೋಡುತ್ತೀರಿ. ನಾನು ಮಾತ್ರ, ಮೂಲೆಯ ಅರಿಶಿನ ಬೆರಳಿಗಂಟುವ ಮೊದಲೇ, ಹಿರಿಯರ ಹೆಸರುಗಳು ನೆಟ್ಟಗೆ ಕೂತಿವೆಯೇ ಎಂದು ನೋಡುತ್ತೇನೆ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನಮ್ಮ ಮಾವನವರದು ಲಗ್ನಪತ್ರಿಕೆಯ ಅಂಗಡಿ. ನಾನು ಸೊಸೆಯಾಗಿ ಬಂದ ಲಾಗಾಯ್ತು ಕರಡು ತಿದ್ದುವ ಕೆಲಸ ನನ್ನದು. “ನಮ್ಮ ನಾಗು ಕಣ್ಣಾಡಿಸಿದ್ಮೇಲೇ ಪ್ರೆಸ್ಸಿಗೆ” ಎಂದು ಮಾವ ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು. ಆ ಒಂದು ಮಾತಿಗಾಗಿ ಎಷ್ಟೋ ಹಬ್ಬದಡುಗೆಗಳನ್ನು ಅರ್ಧಕ್ಕೆ ಬಿಟ್ಟು ಬಸವನಗುಡಿಯ ಮನೆಯಿಂದ ಅಂಗಡಿಗೆ ಓಡಿದ್ದೇನೆ.

ಆಮೇಲೆ ಮೈದುನನ ಹೆಂಡತಿಯಾಗಿ ದೀಪಾ ಬಂದಳು, ಪ್ರೋಗ್ರಾಮಿಂಗ್ ಕಲಿತವಳು. ನಾನು ಬೆಳಗೆಲ್ಲ ಕೂತು ತಿದ್ದುವುದನ್ನು ಕಾಫಿ ಆರುವುದರೊಳಗೆ ಮುಗಿಸಿ “ಆಯ್ತು ಮಾವ” ಎನ್ನುವಳು. ನನಗೆ ಹೊಟ್ಟೆ ಉರಿಯಿತು. ಎರಡು ಜಡೆ ಸೇರುವುದಿಲ್ಲ ಎನ್ನುತ್ತಾರೆ. ಸೇರಿದರೂ ಒಂದು ಜಡೆ ಇನ್ನೊಂದರ ಉದ್ದವನ್ನು ಅಳೆಯುತ್ತಲೇ ಇರುತ್ತದೆ. ಅವಳ ಮಂತ್ರದ ಹೆಸರು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ತಿಳಿಯಿತು. ಅವಳನ್ನು ಕೇಳುವುದುಂಟೇ? ಫೋನಿನಲ್ಲಿ ಪಾಠ ನೋಡಿ ಗುಟ್ಟಾಗಿ ಕಲಿತೆ.

ಕಲಿತದ್ದನ್ನು ನಿಮಗೂ ಹೇಳುತ್ತೇನೆ, ನಿಮ್ಮ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ನಾವು ಹುಡುಕುವುದು ಒಂದು ಪದವನ್ನಲ್ಲ, ಅದರ ಚಹರೆಯನ್ನು. ಯಂತ್ರ ಸಾಲಿನ ಎಡತುದಿಯಿಂದ ಒಂದೊಂದೇ ಅಕ್ಷರವನ್ನು ತಡವುತ್ತ ಬರುತ್ತದೆ. ಹೊಂದದಿದ್ದರೆ ಒಂದಕ್ಷರ ಸರಿದು ಮತ್ತೆ ಚಹರೆಯ ಮೊದಲಿನಿಂದ ಶುರು. ಚುಕ್ಕಿಯಿಟ್ಟರೆ ಯಾವ ಅಕ್ಷರವಾದರೂ ಸರಿ, ಪಕ್ಕದಲ್ಲಿ ನಕ್ಷತ್ರದ ಗುರುತಿಟ್ಟರೆ ಅಂಥ ಅಕ್ಷರ ಎಷ್ಟಾದರೂ ಸರಿ.

ಒಬ್ಬ ಗಿರಾಕಿಗೆ ಹಿರಿಯರ ಹೆಸರುಗಳೆಲ್ಲ ಕೆಂಪಕ್ಷರದಲ್ಲಿ ಬೇಕಿತ್ತು. ಆ ಹೆಸರುಗಳೆಲ್ಲ ‘ಶ್ರೀ’ಯಿಂದ ಶುರುವಾಗಿ ‘ಅವರ’ದಲ್ಲಿ ಮುಗಿಯುತ್ತವಲ್ಲ, ನಾನು ಗತ್ತಿನಿಂದ ‘ಶ್ರೀ’ ಎಂದು ಬರೆದು, ಚುಕ್ಕಿ, ನಕ್ಷತ್ರ ಇಟ್ಟು, ‘ಅವರ’ ಎಂದು ಮುಗಿಸಿದೆ. ಒತ್ತಿದೆ. ವಧುವಿನ ತಾತನಿಂದ ಹಿಡಿದು ವರನ ತಂದೆಯ ತನಕ, ನಡುವೆ ಸಿಕ್ಕ ಮದುವಣಗಿತ್ತಿಯೂ ಸೇರಿ, ಒಂದೇ ಉದ್ದ ಸಾಲಾಗಿದ್ದ ಒಕ್ಕಣೆಯೆಲ್ಲ ಕೆಂಪಾಯಿತು.

“ಏನ್ರಮ್ಮ, ಬೀಗರನ್ನೆಲ್ಲ ಸೇರ್ಸಿ ಒಬ್ಬರನ್ನಾಗಿ ಮಾಡ್ಬಿಟ್ರಲ್ಲ!” ಎಂದರು ಗಿರಾಕಿ.

ನಕ್ಷತ್ರದ ಬುದ್ಧಿಯೇ ಹಾಗೆ. ಮೊದಲು ಸಾಲಿನ ಕೊನೆಯವರೆಗೆ ಎಲ್ಲವನ್ನೂ ನುಂಗುತ್ತದೆ. ಆಮೇಲೆ ‘ಅವರ’ ಬೇಕಲ್ಲ ಎಂದು ನೆನಪಾಗಿ, ಹಿಂದಿನಿಂದ ಒಂದೊಂದೇ ಅಕ್ಷರ ಬಿಟ್ಟುಕೊಡುತ್ತ ಬಂದು, ಎದುರಾದ ಮೊದಲ ‘ಅವರ’ದ ಹತ್ತಿರ ನಿಲ್ಲುತ್ತದೆ. ಹಿಂದಿನಿಂದ ಮೊದಲನೆಯದೆಂದರೆ ಸಾಲಿನಲ್ಲಿ ಕಡೆಯದು. ನಾನೂ ಹೀಗೆಯೇ, ಮಾವನವರ ಹೊಗಳಿಕೆ ಕಡೆಯ ಅಕ್ಷರದವರೆಗೂ ನನಗೇ ಬೇಕು. ಬಿಟ್ಟುಕೊಡುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ಮಾವನವರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬರುತ್ತಿದ್ದರು. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ದೀಪಾ ನನ್ನತ್ತ ಬಗ್ಗಿ, “ಅಕ್ಕ, ಇಲ್ಲೊಂದು ಇದು ಹಾಕ್ಬಿಡಿ” ಎಂದು ಪಿಸುಗುಟ್ಟಿ ನಕ್ಷತ್ರದ ಬಲಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಟ್ಟಳು. ಅದಿದ್ದರೆ ನಕ್ಷತ್ರ ಪ್ರತಿ ಅಕ್ಷರಕ್ಕೂ ‘ಇಷ್ಟು ಸಾಕೇ?’ ಎಂದು ಕೇಳಿಕೊಂಡು ಹೋಗುತ್ತದಂತೆ. ಮೊದಲ ‘ಅವರ’ಕ್ಕೇ ನಿಂತಿತು, ಮತ್ತೆ ಮುಂದಿನ ‘ಶ್ರೀ’ಯಿಂದ ಹೊರಟಿತು. ಹಿರಿಯರು ಮಾತ್ರ ಕೆಂಪಗೆ ಕೂತರು.

“ಭೇಷ್, ಯಾರಮ್ಮ ಮಾಡಿದ್ದು?” ಎಂದರು ಮಾವ.

“ಅಕ್ಕಾನೇ ಮಾವ” ಎಂದಳು ದೀಪಾ.

“ಅದಕ್ಕೇ ನಾಗು ಇರ್ಬೇಕು ಅನ್ನೋದು! ಇನ್ಮೇಲೆ ಇದೆಲ್ಲ ನೀನೇ ನೋಡ್ಕೊಳಮ್ಮ.”

ಉರಿ ತಣಿಯಬೇಕಿತ್ತು, ಇನ್ನಷ್ಟು ಧಗ್ಗೆಂದಿತು. ಜಾಣತನ ಅವಳದಾದರೂ ಒಳ್ಳೆಯತನ ನನ್ನದೆಂದುಕೊಂಡಿದ್ದೆ, ಅದನ್ನೂ ಹೊತ್ತುಕೊಂಡು ಹೋದಳು. “ನಾನಲ್ಲ, ಅವಳು” ಎನ್ನಲು ಎಷ್ಟು ಹೊತ್ತು? “ಆಗ್ಲಿ ಮಾವ” ಎಂದೆ. ಆಮೇಲೆ ದೀಪಾಳ ಮುಖದಲ್ಲಿ ಒಂದು ಚೂರು ಕುಹಕಕ್ಕಾಗಿ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೆ ಅವತ್ತು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ.