ಏರಿಗೆ ಕಿವಿ ಹಚ್ಚಿದವಳು

"ಕೆರೀ ಕೂಡ ಸಂಸಾರ ಮಾಡು ನೀ. ಗಂಡ ಯಾಕ ಬೇಕು ನಿನಗ?" ಮೂಕಣ್ಣ ಸಲಿಕೆಯನ್ನು ಕೆರೆ ಏರಿಯ ಮೇಲೆ ಎಸೆಯುತ್ತಾನೆ.

"ಮೆಲ್ಲಗ. ಹಸಿ ಮಣ್ಣೈತಿ," ಎನ್ನುತ್ತಾಳೆ ಹೆಂಡತಿ ಮರುಳಸಿದ್ದಮ್ಮ, ತಲೆ ಎತ್ತದೆ.

ಬೆಳಗಿನ ಮಂಜು ಇನ್ನೂ ನೀರನ್ನು ಬಿಟ್ಟಿಲ್ಲ. ಮೆಟ್ರಿ ಊರಿನ ಆಚೆಗಿನ ಈ ಹಳೆಯ ಕೆರೆಯಲ್ಲಿ ಬಂಡೆಗುಡ್ಡಗಳು ತಲೆಕೆಳಗಾಗಿ ತೂಗಾಡುತ್ತಿವೆ. ಆಕೆ ಏರಿಯ ಹೊರಮೈಯಲ್ಲಿ ಮಗ್ಗುಲಾಗಿ ಮಲಗಿ ಮಣ್ಣಿಗೆ ಕಿವಿ ಹಚ್ಚಿದ್ದಾಳೆ. ಏಡಿ, ಹೆಗ್ಗಣ ಕೊರೆದ ಬಿಲಕ್ಕೆ ನೀರು ನುಗ್ಗಿದರೆ ಒಳಗೆ ಯಾರೋ ಪಿಸುಗುಟ್ಟಿದಂತೆ ಕೇಳುತ್ತದಂತೆ. ಕೇಳಿದಲ್ಲಿ ಅಗೆದು, ಜೇಡಿಮಣ್ಣಿಗೆ ಹುಲ್ಲು ಕಲಸಿ ತುಂಬಿ, ಹಿಮ್ಮಡಿಯಿಂದ ತುಳಿಯುತ್ತಾಳೆ.

ನೀರಿನ ಕಡೆಯ ಒಳಮೈಗೆ ಹೊದಿಸಿದ ಕಲ್ಲು ಬಿಟ್ಟರೆ ಬರೀ ಮಣ್ಣಿನ ಒಡ್ಡು ಇದು. ಹಂಪಿ ನೋಡಲು ಬರುವ ಬಿಳಿ ದೊರೆಗಳು ಮುರಿದ ಕಂಬಗಳ ಮುಂದೆ ಟೋಪಿ ತೆಗೆಯುತ್ತಾರೆ. ಮುರಿಯದೆ ನಿಂತ ಏರಿಯ ಕಡೆ ಒಬ್ಬನೂ ತಿರುಗುವುದಿಲ್ಲ. ಊರವರೇನು ಕಡಿಮೆ? ಉಣ್ಣುವಾಗ ಈಕೆ ನೆನಪಾಗುವುದಿಲ್ಲ. ಗದ್ದೆಯ ಮಡಿ ಒಣಗಿದರೆ ಮಾತ್ರ ಬಾಗಿಲಿಗೆ ಬಂದು ಕೂಗಾಡುತ್ತಾರೆ.

ಆಕೆಯ ಅಪ್ಪ ಜಂಬಯ್ಯ ಇಲ್ಲಿ ನೀರಗಂಟಿಯಾಗಿದ್ದ. ತೂಬು ತೆರೆದು ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ಕೆಲಸ. ಗಂಡುಮಕ್ಕಳಿರಲಿಲ್ಲ. ಮೂಕಣ್ಣನನ್ನು ಮನೆ ಅಳಿಯನಾಗಿ ತಂದರೂ ತೂಬನ್ನು ಕೊಟ್ಟಿದ್ದು ಮಗಳಿಗೆ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಮೊರ ಭತ್ತ ಸಿಗುತ್ತದೆ. ಆದರೆ ಒಂದು ಕಟ್ಟಲೆ ಇದೆ: ನೀರು ಬಿಡುವ ಮನೆಯವರು ಆ ಕೆರೆಯ ಕೆಳಗೆ ಗದ್ದೆ ಮಾಡುವಂತಿಲ್ಲ.

"ತಮ್ಮ ಪೈರು ಬಾಡಿದ್ರ ಯಾರ ಕೈ ತಡೀತೈತ್ರಿ? ನನ್ನ ಕೈನೂ ತಡ್ಯಂಗಿಲ್ಲ," ಎನ್ನುತ್ತಾಳೆ, ಯಾಕೆಂದು ಕೇಳಿದವರಿಗೆ.

ಮೂಕಣ್ಣ ಕೆಟ್ಟವನಲ್ಲ. ತನ್ನದೆನ್ನುವ ಒಂದು ಮಡಿ ಭತ್ತ ಬೆಳೆಯಬೇಕು, ಅದರ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಬೇಕು ಅನ್ನುವುದು ಅವನ ಬಹುದಿನದ ಕನಸು. ನಿನ್ನೆ ಹೆಂಡತಿಗೆ ಹೇಳದೆ ತೂಬಿನ ಬುಡದಲ್ಲೇ ಒಂದು ತುಂಡು ಗದ್ದೆ ಗೇಣಿಗೆ ಹಿಡಿದು ಬಂದಿದ್ದಾನೆ. ಜಗಳ ಅದಕ್ಕೇ.

"ನೀ ಗದ್ದಿ ಬಿಡ್ತೀಯೋ, ನಾ ತೂಬು ಬಿಡ್ಲೋ?"

"ತೂಬು ಬಿಡು. ಬ್ಯಾರೆ ಯಾರರ ನೋಡ್ಕೊಂತಾರ."

ಆಕೆ ಇನ್ನೊಂದು ಹಿಡಿ ಜೇಡಿ ಮೆತ್ತುತ್ತಾಳೆ. "ಕೊನೀ ಮಡಿಗೆ ನೀರು ಯಾರು ಮುಟ್ಟಿಸ್ತಾರ? ನಾ ಬಿಡಂಗಿಲ್ಲ."

ಮೂಕಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಕೂಲಿ ಸಿಗುವ ಸಂಡೂರಿನ ಗಣಿಗಳ ದಿಕ್ಕಿಗೆ ಏರಿಯುದ್ದಕ್ಕೂ ನಡೆಯುತ್ತಾನೆ. ಆಕೆ ಆಗಷ್ಟೇ ಮೆತ್ತಿದ ಹಸಿಮಣ್ಣು ದಾರಿಗೆ ಅಡ್ಡ ಬಂದಾಗ, ಅಷ್ಟು ಸಿಟ್ಟಿನಲ್ಲೂ, ತುಳಿಯದೆ ಬಳಸಿ ಹೋಗುತ್ತಾನೆ. ಮಂಜು ಮೊದಲು ಅವನ ಕಾಲುಗಳನ್ನು, ಆಮೇಲೆ ಟವೆಲ್ಲನ್ನು ನುಂಗುತ್ತದೆ.

"ತುಳೀಲಿಲ್ಲ ನೋಡ್ರಿ," ಎನ್ನುತ್ತಾಳೆ ಮರುಳಸಿದ್ದಮ್ಮ, ಆ ಬೆಳಗಿನ ಸುದ್ದಿ ಕೇಳಿದವರಿಗೆ.

ಈಗ ಕೊಯ್ಲು ಮುಗಿದಿದೆ. ಕೊನೆಯ ಮಡಿಯಲ್ಲೂ ಭತ್ತ ಬಂದಿದೆ, ಮೂಕಣ್ಣ ಬಂದಿಲ್ಲ. ಬೆಳಕು ಹರಿಯುವ ಮೊದಲೇ ಆಕೆ ಏರಿಗೆ ಕಿವಿ ಹಚ್ಚುತ್ತಾಳೆ. ದೂರದಲ್ಲಿ ಯಾರು ಏರಿ ಹತ್ತಿದರೂ ಮಣ್ಣಿನೊಳಗಿಂದ ಹೆಜ್ಜೆ ಕೇಳುತ್ತದಂತೆ. ದನಗಳದು ಕೇಳಿದೆ, ಊರವರದು ಕೇಳಿದೆ.